ಸಹಾಯ ಬೇಕು: ಅಪ್ಪನ ಹಳೇ ಫೈಲಲ್ಲಿ ಅರ್ಕಾವತ್ತು ಸರಿಯಾಗ್ತಿಲ್ಲ
ನಮಸ್ಕಾರ. ಅಪ್ಪ 2006ರಲ್ಲಿ ನಮ್ಮೂರಿನ ನೆನಪುಗಳನ್ನ ಟೈಪ್ ಮಾಡಿಟ್ಟಿದ್ರು, 140 ಪುಟ. ಅವರೀಗ ಇಲ್ಲ. ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕೋಣ ಅಂತ ಕಾಪಿ ಮಾಡಿದ್ರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಈಗ ಎಲ್ಲ ಕಡೆ ಬಳಸೋ ಯುನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ತೋರಿಸೋ ಹಳೇ ಆಸ್ಕಿ ಫಾಂಟ್ ಅಂತ ಆಮೇಲೆ ಗೊತ್ತಾಯ್ತು.

ಅದನ್ನ ಯುನಿಕೋಡಿಗೆ ಬದಲಿಸೋ ಒಂದು ಪರಿವರ್ತಕದಲ್ಲಿ ಹಾಕಿದೆ. ಬಹುಪಾಲು ಸರಿಬಂತು, ಅಪ್ಪನ ಮಾತು ಓದಿ ಕಣ್ಣು ತುಂಬಿತು. ಆದ್ರೆ ಅರ್ಕಾವತ್ತು (‘ರ್’ ಬದಲು ಬರೆಯೋ ಚಿಹ್ನೆ) ಇದ್ದಲ್ಲೆಲ್ಲ ಒಂದು ವಿಚಿತ್ರ ಚಿಹ್ನೆ ಉಳಿದಿದೆ. ಹಳೇ ಫಾಂಟಲ್ಲಿ ಅದು ಅಕ್ಷರದ ನಂತರ ಇರುತ್ತೆ, ಯುನಿಕೋಡಲ್ಲಿ ‘ರ್’ ಮೊದಲೇ ಬರಬೇಕು. ಆ ಚಿಹ್ನೆ ಇದ್ದಲ್ಲಿ ‘ರ್’ ಬರೋ ಹಾಗೆ ಫೈಂಡ್-ರಿಪ್ಲೇಸ್ ಮಾಡಿದ್ರೆ ‘ವರ್ಷ’ ಹೋಗಿ ‘ವಷರ್’, ‘ಕೀರ್ತಿ’ ಹೋಗಿ ‘ಕೀತಿರ್’ ಆಗ್ತಿದೆ. ಒಂದೊಂದಾಗಿ ತಿದ್ದಿ ಹನ್ನೊಂದನೇ ಪುಟಕ್ಕೆ ಬಂದಿದ್ದೀನಿ.

ಗುಣಿತಾಕ್ಷರ, ಒತ್ತಕ್ಷರ ಇದ್ರೂ ‘ರ್’ ಅನ್ನು ಅದರ ಹಿಂದಿರೋ ಇಡೀ ಅಕ್ಷರಕ್ಕಿಂತ ಮೊದಲು ಬರೋ ಹಾಗೆ ಎಲ್ಲ ಕಡೆ ಒಟ್ಟಿಗೇ ಸರಿಸೋ ದಾರಿ ಯಾರಿಗಾದ್ರೂ ಗೊತ್ತಾ?