ಹನ್ನೊಂದು ವರ್ಷ ಹಚ್ಚಿದ ಕಪ್ಪು ಬಣ್ಣವನ್ನು ಕೂದಲಿನಿಂದ ತೆಗೆಯಬಹುದೇ?

ಪ್ರಶ್ನೆ

ನನಗೀಗ 53 ವರ್ಷ. ತಂಗಿಯ ಮಗನ ಉಪನಯನದ ಹಿಂದಿನ ದಿನ, 42ನೇ ವಯಸ್ಸಿನಲ್ಲಿ, ಮೊದಲ ಸಲ ಕೂದಲಿಗೆ ಕಪ್ಪು ಬಣ್ಣ ಹಚ್ಚಿಕೊಂಡೆ. ಅಂದಿನಿಂದ ಮೂರು ವಾರಕ್ಕೊಮ್ಮೆ ತಪ್ಪದೆ, ಬುಡದಿಂದ ತುದಿಯವರೆಗೆ, ಹಚ್ಚುತ್ತಲೇ ಬಂದಿದ್ದೇನೆ. ಮೊದಲು ಡಬ್ಬಿಯಲ್ಲಿ ಬರುವ ಕ್ರೀಮ್ ಬಣ್ಣ, ಕಳೆದ ಆರೇಳು ವರ್ಷಗಳಿಂದ ಕಪ್ಪು ಮೆಹಂದಿ ಎಂದು ಮಾರುವ ಪುಡಿ. ಈಗ ನರೆಯನ್ನು ನರೆಯಾಗಿಯೇ ಬಿಡಬೇಕೆಂದು ಮನಸ್ಸು ಮಾಡಿದ್ದೇನೆ. ಆದರೆ ಬೈತಲೆಯ ಎರಡೂ ಬದಿಗೆ ಒಂದು ಬೆರಳಗಲ ಬಿಳುಪು, ಅಲ್ಲಿಂದ ಕೆಳಗೆ ಸೊಂಟದವರೆಗೆ ಇದ್ದಿಲಿನಂಥ ಕಪ್ಪು. ಕನ್ನಡಿ ನೋಡಿದಾಗಲೆಲ್ಲ ನಿರ್ಧಾರ ಸಡಿಲವಾಗುತ್ತದೆ. ಹೋದ ತಿಂಗಳು ತಿಳಿ ಕಂದು ಬಣ್ಣ ತಂದು ಮೇಲೆ ಹಚ್ಚಿ ನೋಡಿದೆ. ಬುಡದ ಬಿಳಿಗೂದಲು ತಾಮ್ರದ ಬಣ್ಣಕ್ಕೆ ತಿರುಗಿತೇ ಹೊರತು ಕಪ್ಪು ಕದಲಲಿಲ್ಲ. ಪಾರ್ಲರೊಂದರಲ್ಲಿ ಒಂದೇ ದಿನದಲ್ಲಿ ಬ್ಲೀಚ್ ಮಾಡಿ ಬೂದುಬಣ್ಣಕ್ಕೆ ತರುತ್ತೇವೆ ಎನ್ನುತ್ತಾರೆ. ನೆರೆಮನೆಯವರು ಅಡುಗೆ ಸೋಡಾ ಮತ್ತು ನಿಂಬೆರಸ ಹಚ್ಚಲು ಹೇಳಿದ್ದಾರೆ. ಯಾವುದನ್ನು ನಂಬಲಿ?

ಮೊದಲ ಉತ್ತರ

ಹದಿನಾರು ವರ್ಷಗಳಿಂದ ಕೂದಲಿಗೆ ಬಣ್ಣ ಹಾಕುವ ಕೆಲಸದಲ್ಲಿದ್ದೇನೆ. ದಯವಿಟ್ಟು ಸೋಡಾ ಹಚ್ಚಬೇಡಿ. ಅದು ಕ್ಷಾರ, ಕೂದಲಿನ ಹೊರಪದರವನ್ನು ಒರಟಾಗಿಸುತ್ತದೆ, ಒಳಗಿನ ಕಪ್ಪನ್ನು ಮುಟ್ಟುವುದಿಲ್ಲ. ಒಂದು ಬಣ್ಣದ ಮೇಲೆ ಅದಕ್ಕಿಂತ ತಿಳಿಯಾದ ಬಣ್ಣ ಹಚ್ಚಿದರೆ ಕೆಳಗಿನದು ತಿಳಿಯಾಗುವುದಿಲ್ಲ ಎಂಬುದನ್ನು ನೀವೇ ಕಂಡಿದ್ದೀರಿ. ಶಾಶ್ವತ ಬಣ್ಣದಲ್ಲಿ ಅಮೋನಿಯಾ ಕೂದಲಿನ ಹೊರಪದರವನ್ನು ತೆರೆಯುತ್ತದೆ, ಬಣ್ಣದ ಚಿಕ್ಕ ಅಣುಗಳು ಒಳಗೆ ಹೋಗುತ್ತವೆ, ಹೈಡ್ರೋಜನ್ ಪೆರಾಕ್ಸೈಡ್‌ನ ಸಹಾಯದಿಂದ ಅಲ್ಲಿಯೇ ಒಂದಕ್ಕೊಂದು ಬೆಸೆದು ದೊಡ್ಡವಾಗಿ, ಹೊರಬರಲಾಗದೆ ಉಳಿದುಬಿಡುತ್ತವೆ.

ಈ ಬೆಸುಗೆಯನ್ನು ಬಿಡಿಸಲೆಂದೇ ಗಂಧಕದ ಸಂಯುಕ್ತಗಳಿರುವ ಕಲರ್ ರಿಮೂವರ್ ಸಿಗುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆಯಿಂದಲೇ ಅದನ್ನು ಗುರುತಿಸಬಹುದು. ಅಣುಗಳು ಮತ್ತೆ ಚಿಕ್ಕವಾಗುತ್ತವೆ, ನೀರಿನಲ್ಲಿ ಬಹಳ ಹೊತ್ತು ತೊಳೆದರೆ ಹೊರಗೆ ಹೋಗುತ್ತವೆ. ತೊಳೆಯುವುದರಲ್ಲಿ ಅವಸರ ಮಾಡಿದರೆ ಒಳಗೆ ಉಳಿದ ಅಣುಗಳು ಗಾಳಿಯ ಆಮ್ಲಜನಕದಿಂದ ಪುನಃ ಬೆಸೆದುಕೊಂಡು ಒಂದೆರಡು ದಿನಗಳಲ್ಲಿ ಕೂದಲು ಕಪ್ಪಾಗುತ್ತದೆ. ಇನ್ನೊಂದು ಮಾತು: ಇದರಿಂದ ನಿಮ್ಮ ಹಳೆಯ ಬಣ್ಣ ಮರಳುವುದಿಲ್ಲ. ಕ್ರೀಮಿನ ಪೆರಾಕ್ಸೈಡ್ ಸಹಜ ಕಪ್ಪನ್ನೂ ಸುಟ್ಟಿರುತ್ತದೆ. ಅದರ ಕೆಳಗಿನ ಕೆಂಪು, ಕಿತ್ತಳೆ ಛಾಯೆ ಹೊರಬರುತ್ತದೆ. ಪೂರ್ತಿ ನರೆತ ಎಳೆಗಳು ಮಾತ್ರ ಹಳದಿ ಬೆರೆತ ಬಿಳುಪಿಗೆ ಹತ್ತಿರವಾದಾವು.

ಆದರೆ ನಿಮ್ಮ ಪುಡಿಯಲ್ಲಿ ಏನಿದೆ? ಬರೀ ಮದರಂಗಿ ಎಂದಿಗೂ ಕಪ್ಪು ಕೊಡುವುದಿಲ್ಲ. ಅದರಲ್ಲಿರುವ ಲಾಸೋನ್ ಕೆಂಪು ಕಂದು ಬಣ್ಣವನ್ನಷ್ಟೇ ಕೊಡುತ್ತದೆ, ಮತ್ತು ಕೂದಲಿನ ಕೆರಾಟಿನ್‌ಗೆ ಅಂಟಿಕೊಳ್ಳುವುದರಿಂದ ರಿಮೂವರ್‌ಗೆ ಜಗ್ಗುವುದಿಲ್ಲ. ಅದರ ಮೇಲೆ ನೀಲಿ ಗಿಡದ ಪುಡಿ ಹಚ್ಚಿ ಕಪ್ಪು ಮಾಡಿದ್ದರೆ, ಬ್ಲೀಚ್ ಮಾಡಿದಾಗ ಕೂದಲು ಹಸಿರಿಗೆ ತಿರುಗುವುದುಂಟು. ಸೀಸ ಅಥವಾ ತಾಮ್ರದ ಲವಣಗಳಿದ್ದರಂತೂ ಪೆರಾಕ್ಸೈಡ್ ತಾಗಿದಾಗ ಕೂದಲು ಬಿಸಿಯಾಗಿ ಹಾಳಾಗುತ್ತದೆ. ಪೊಟ್ಟಣದ ಹಿಂಬದಿ ಓದಿ ತಿಳಿಸಿ.

ಪ್ರಶ್ನೆ ಕೇಳಿದವರಿಂದ

ಓದಿದೆ. ಮೆಹಂದಿ ಪುಡಿಯ ಜೊತೆಗೆ ಪ್ಯಾರಾ ಫಿನೈಲೀನ್ ಡೈಅಮೈನ್ ಮತ್ತು ಬೇರಿಯಂ ಪೆರಾಕ್ಸೈಡ್ ಎಂದಿದೆ. ಇಷ್ಟು ವರ್ಷ ಗಿಡದ್ದೆಂದೇ ನಂಬಿದ್ದೆ. ಎರಡು ವರ್ಷಗಳಿಂದ, ಬಣ್ಣ ಹಚ್ಚಿದ ಮರುದಿನ ಕಿವಿಯ ಹಿಂದೆ ಮತ್ತು ಹಣೆಯ ಅಂಚಿನಲ್ಲಿ ತುರಿಕೆ ಬರುತ್ತದೆ. ಎಣ್ಣೆ ಹಚ್ಚಿದರೆ ಕಡಿಮೆಯಾಗುತ್ತಿತ್ತು.

ಎರಡನೆಯ ಉತ್ತರ

ನಾನು ಚರ್ಮರೋಗ ವಿಭಾಗದಲ್ಲಿ ಕೆಲಸ ಮಾಡುವವನು. ಬಣ್ಣ ಹೇಗೆ ಹೋದೀತು ಎಂಬುದಕ್ಕಿಂತ ಮೊದಲು ಈ ತುರಿಕೆಯನ್ನು ಗಮನಿಸಬೇಕು. ಕಿವಿಯ ಹಿಂದೆ, ಹಣೆಯ ಅಂಚಿನಲ್ಲಿ, ರೆಪ್ಪೆಗಳ ಮೇಲೆ ಮರುದಿನ ಕಾಣಿಸಿಕೊಳ್ಳುವ ತುರಿಕೆ ಮತ್ತು ಊತ ಪ್ಯಾರಾ ಫಿನೈಲೀನ್ ಡೈಅಮೈನ್ ಅಲರ್ಜಿಯ ಸಾಮಾನ್ಯ ಲಕ್ಷಣ. ಹತ್ತು ವರ್ಷ ಏನೂ ಆಗದವರಿಗೂ ಅದು ಒಂದು ದಿನ ಬರಬಹುದು. ಬಂದಮೇಲೆ ಬಹುಪಾಲು ಜೀವನಪೂರ್ತಿ ಉಳಿಯುತ್ತದೆ, ಪ್ರತಿ ಸಲವೂ ಹೆಚ್ಚಾಗುವ ಸಂಭವವಿದೆ. ಆ ಪುಡಿಯನ್ನು ಇಂದೇ ನಿಲ್ಲಿಸಿ. ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡಿ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಿ ಇದನ್ನು ಖಚಿತಪಡಿಸುತ್ತಾರೆ. ಕೆರಳಿದ ನೆತ್ತಿಯ ಮೇಲೆ ಬ್ಲೀಚ್ ಹಾಕಿಸಬಾರದು. ಅದರ ಪುಡಿಯಲ್ಲಿರುವ ಪರ್‌ಸಲ್ಫೇಟ್ ಕೆಲವರಲ್ಲಿ ಉಬ್ಬಸವನ್ನೂ ತರುತ್ತದೆ.

ಮೂರನೆಯ ಉತ್ತರ

ನಾನೂ ಇದೇ ದಾರಿಯಲ್ಲಿ ಬಂದವಳು. ಕೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದವರೆಗಿನ ನಿಮ್ಮ ಕೂದಲಿನ ತುದಿಗೆ ಹತ್ತಿರ ಹತ್ತಿರ ಐದು ವರ್ಷ ವಯಸ್ಸು. ಮೂರು ವಾರಕ್ಕೊಮ್ಮೆಯ ಲೆಕ್ಕದಲ್ಲಿ ಅದು 80ಕ್ಕೂ ಹೆಚ್ಚು ಸಲ ಬಣ್ಣ ಕುಡಿದಿದೆ. ಅದನ್ನು ಒಂದು ದಿನದಲ್ಲಿ ತೆಗೆಯುತ್ತೇವೆ ಎನ್ನುವವರಿಗೆ ಮೊದಲು ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಕೊಡಿ. ಇಪ್ಪತ್ತು ಎಳೆ ಸೇರಿಸಿ, ಒಂದು ತುದಿಗೆ ದಾರ ಕಟ್ಟಿ, ಅವರ ಬ್ಲೀಚನ್ನು ಅದರ ಮೇಲೆ ಹಾಕಿಸಿ ನೋಡಿ. ನಾನು ಭುಜದವರೆಗೆ ಕತ್ತರಿಸಿಕೊಂಡೆ. ಮೊದಲ ಆರು ತಿಂಗಳು ಬಹಳ ಕಷ್ಟವಾಯಿತು, ಮದುವೆಮನೆಗಳಲ್ಲಿ ಹುಷಾರಿಲ್ಲವೇ ಎಂದು ಕೇಳುತ್ತಿದ್ದರು. ಬೈತಲೆಯನ್ನು ನೇರ ತೆಗೆಯದೆ ಓರೆಯಾಗಿ ತೆಗೆದು ತುರುಬು ಕಟ್ಟಿದರೆ ಎರಡು ಬಣ್ಣಗಳ ಗಡಿ ಅಷ್ಟಾಗಿ ಕಾಣುವುದಿಲ್ಲ. ಎರಡು ವರ್ಷದಲ್ಲಿ ಪೂರ್ತಿ ನರೆ ಬಂತು.

ಪ್ರಶ್ನೆ ಕೇಳಿದವರಿಂದ

ನಿನ್ನೆ ಬಾಚಣಿಗೆಯ ಕೂದಲನ್ನು ಪಾರ್ಲರಿಗೆ ಕೊಂಡೊಯ್ದೆ. ಮುಕ್ಕಾಲು ಗಂಟೆಯ ನಂತರ ಬುಡದ ಕಡೆ ಇಟ್ಟಿಗೆ ಬಣ್ಣಕ್ಕೆ ಬಂದಿತ್ತು, ತುದಿ ಕಪ್ಪಾಗಿಯೇ ಇತ್ತು. ಒದ್ದೆ ಎಳೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಎಳೆದರೆ ಬೆಂದ ಶಾವಿಗೆಯಂತೆ ಉದ್ದವಾಗಿ ತುಂಡಾಯಿತು. ಬ್ಲೀಚ್ ಬೇಡವೆಂದು ಹೇಳಿ ಬಂದೆ. ಚರ್ಮವೈದ್ಯರನ್ನು ಸೋಮವಾರ ಕಾಣುತ್ತೇನೆ. ಅದಾದ ಮೇಲೆ ಕೂದಲನ್ನು ಭುಜದವರೆಗೆ ಕತ್ತರಿಸಿಕೊಳ್ಳುತ್ತೇನೆ.