ಸಹಾಯ ಬೇಕು: ಅಪ್ಪನಿಗೆ ಈ ಸಿನಿಮಾ ಹೇಗೆ ಒಪ್ಪಿಸಲಿ?

ನಮಸ್ಕಾರ ರೀ. ನಾನು ಹುಬ್ಬಳ್ಳಿ ವಿದ್ಯಾನಗರದವನು. ವಿಷಯ ಸಣ್ಣದು, ಆದರೆ ಒಂದು ವಾರದಿಂದ ತಲೆ ತಿನ್ನುತ್ತಿದೆ.

ಹೋದ ಭಾನುವಾರ ಮನೆಯವರಿಗೆಲ್ಲ 'ಒಂದು ಮೊಟ್ಟೆಯ ಕಥೆ' ಹಾಕಿದೆ. 2017ರದ್ದು. ರಾಜ್ ಬಿ. ಶೆಟ್ಟಿ ಅವರೇ ಬರೆದು, ನಿರ್ದೇಶಿಸಿ, ನಟಿಸಿದ್ದು. ಮಂಗಳೂರಿನ ಬೋಳು ತಲೆಯ ಕನ್ನಡ ಲೆಕ್ಚರರ್, ರಾಜ್‌ಕುಮಾರ್ ಅಭಿಮಾನಿ ಬೇರೆ, ಹೆಣ್ಣು ಮಾತ್ರ ಸಿಗುತ್ತಿಲ್ಲ. ನಾನು ಗಿರಮಿಟ್ ತಿನ್ನುತ್ತಾ ಬಿದ್ದು ಬಿದ್ದು ನಗುತ್ತಿದ್ದೆ. ಪಕ್ಕದಲ್ಲಿ ಅಪ್ಪ ಸುಮ್ನೆ ಟವೆಲ್‌ನಿಂದ ತಲೆ ಒರೆಸಿಕೊಂಡರು. ಅವರದ್ದೂ ಬೋಳು ತಲೆ! "ಮಂದಿ ತಲಿ ನೋಡಿ ನಗೋದು ಎಂಥಾ ಸಿನಿಮಾನೋ?" ಅಂದು ಎದ್ದೇ ಹೋದರು.

ಗೇಲಿ ಅಲ್ಲಪ್ಪ, ಅವನೂ ಹುಡುಗಿಯ ದಪ್ಪ ನೋಡಿ ಹಿಂಜರಿಯುತ್ತಾನಲ್ಲ, ಮಜಾ ಇರೋದೇ ಅಲ್ಲಿ ಎಂದೆ. ಕೇಳಲಿಲ್ಲ. 2019ರಲ್ಲಿ ಮಲಯಾಳಂನಲ್ಲಿ 'ತಮಾಶಾ' ಅಂತ ರೀಮೇಕ್ ಕೂಡ ಆಯ್ತು ಎಂದೆ. "ಆಗ್ಲಿ ಬಿಡು" ಅಂದರು, ಅಷ್ಟೇ.

ಈಗ ನನಗೇ ಗೊಂದಲ. ನಾನು ನಕ್ಕಿದ್ದು ಅವನ ತಲೆಗಾ, ಅವನ ಪೇಚಾಟಕ್ಕಾ? ನೋಡಿದವರು ಹೇಳಿ: ಅಪ್ಪನನ್ನು ಮತ್ತೆ ಕೂರಿಸಿ ಒಂದೇ ದೃಶ್ಯ ತೋರಿಸುವುದಾದರೆ ಯಾವುದನ್ನು ತೋರಿಸಲಿ?