ಗ್ಲಾಕೋಮಾ ರೋಗಿಗಳ ಕೋರಾಯ್ಡ್ ತೆಳು ಬರ್ತಿದೆ, ಈ ಅಳತೆ ನಂಬಬಹುದಾ?

ಓಸಿಟಿ_ಹುಡುಗಿ: ಎಲ್ಲರಿಗೂ ನಮಸ್ಕಾರ. ಆಪ್ಟೋಮೆಟ್ರಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡ್ತಿದ್ದೇನೆ. ಎಸ್‌ಡಿ-ಓಸಿಟಿಯಲ್ಲಿ (ಬೆಳಕಿನಿಂದ ಕಣ್ಣಿನ ಪದರಗಳ ಚಿತ್ರ ತೆಗೆಯೋ ಮಷೀನ್) ಇಡಿಐ ಮೋಡ್ (ಆಳದ ಪದರ ಸ್ಪಷ್ಟ ಕಾಣೋ ಮೋಡ್) ಹಾಕಿ ಗ್ಲಾಕೋಮಾ (ಕಣ್ಣಿನ ನರ ಸವೆಯೋ ಕಾಯಿಲೆ) ರೋಗಿಗಳನ್ನೂ ನಾರ್ಮಲ್ ಕಣ್ಣಿನವರನ್ನೂ ಸ್ಕ್ಯಾನ್ ಮಾಡಿದ್ದೇನೆ. ಫೋವಿಯಾ (ರೆಟಿನಾದ ನಡುವಿನ ಚುಕ್ಕೆ) ಕೆಳಗಿನ ಕೋರಾಯ್ಡ್, ಅಂದರೆ ರೆಟಿನಾ ಹಿಂದಿನ ರಕ್ತನಾಳಗಳ ಪದರ, ರೋಗಿಗಳಲ್ಲಿ 25–30 ಮೈಕ್ರಾನ್ ತೆಳು. ಗೈಡ್ ಖುಷಿಯಾಗಿದ್ದಾರೆ, ನನಗೆ ಅನುಮಾನ. ಒಬ್ಬ ಅಜ್ಜನ ಕಣ್ಣು ಮೊದಲ ಸಲ 241 ಇತ್ತು, ವಾರ ಬಿಟ್ಟು ನೋಡಿದರೆ 268! ಮಷೀನ್ ಕೆಟ್ಟಿದೆಯಾ, ನನ್ನ ಕೈ ಸರಿಯಿಲ್ವಾ?

ಕಣ್ಣಾಮುಚ್ಚಾಲೆ: ಮಷೀನಿಗೆ ಆಮೇಲೆ ಬೈಯೋಣ. ಗೆರೆ ಎಲ್ಲಿಂದ ಎಲ್ಲಿಗೆ ಎಳೆಯುತ್ತೀರಿ? ಆರ್‌ಪಿಇಯ (ರೆಟಿನಾದ ಕೊನೆಯ ಪದರ) ಹೊರ ಅಂಚಿನಿಂದ ಸ್ಕ್ಲೀರಾ (ಕಣ್ಣಿನ ಬಿಳಿ ಹೊರಗೋಡೆ) ಶುರುವಾಗುವ ಅಂಚಿನವರೆಗೆ ಬರಬೇಕು. ಆ ಕೆಳಗಿನ ಅಂಚು ಮಸುಕಾಗಿದ್ದರೆ ಒಬ್ಬೊಬ್ಬರು ಒಂದೊಂದು ಕಡೆ ನಿಲ್ಲಿಸುತ್ತಾರೆ. ಇನ್ನೊಂದು, ಚಿತ್ರವನ್ನು ಎಕ್ಸ್‌ಪೋರ್ಟ್ ಮಾಡಿ ಫಿಜಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅಳೆಯುತ್ತಿದ್ದೀರಾ? ಪಿಕ್ಸೆಲ್‌ನ ಅಳತೆ ಆಳಕ್ಕೆ ಒಂದು, ಅಡ್ಡಕ್ಕೆ ಇನ್ನೊಂದು. ಗೆರೆ ಸ್ವಲ್ಪ ಓರೆಯಾದರೂ ಲೆಕ್ಕ ಕೈಕೊಡುತ್ತದೆ.

ಓಸಿಟಿ_ಹುಡುಗಿ: ಇಲ್ಲ, ಮಷೀನಿನ ಕ್ಯಾಲಿಪರ್‌ನಲ್ಲೇ (ಅದರೊಳಗಿನ ಅಳತೆ ಗೆರೆ), ನೇರ ಕೆಳಕ್ಕೆ. ನಾನೂ ಸೀನಿಯರೂ ಬೇರೆ ಬೇರೆ ಕೂತು ಅಳೆದೆವು. ಐದಾರು ಮೈಕ್ರಾನ್ ಒಳಗೇ ತಾಳೆ ಬಿತ್ತು.

ಪಿಕ್ಸೆಲ್‌ಭಟ್ಟ: ಪ್ರತಿ ಸ್ಕ್ಯಾನ್ ಎಷ್ಟು ಗಂಟೆಗೆ ಆಗಿದೆ, ನೋಡಿ ಹೇಳಿ.

ಓಸಿಟಿ_ಹುಡುಗಿ: ಅಯ್ಯೋ. ನಾರ್ಮಲ್ ಗುಂಪಿನವರೆಲ್ಲ ರೋಗಿಗಳ ಜೊತೆ ಬಂದವರು. ಸುಮ್ನೆ ಕೂತಿರ್ತಾರಲ್ಲ ಅಂತ 9 ಗಂಟೆಗೇ ಮುಗಿಸಿಬಿಡ್ತೇನೆ. ರೋಗಿಗಳಿಗೆ ಮೊದಲು ಫೀಲ್ಡ್ ಟೆಸ್ಟ್ (ಸುತ್ತಲಿನ ನೋಟದ ಪರೀಕ್ಷೆ), ಕಣ್ಣಿನ ಪ್ರೆಶರ್, ಡಾಕ್ಟರ್. ನನ್ನ ಕೈಗೆ ಸಿಗೋದು 3 ಗಂಟೆ ಮೇಲೆ. ಆ ಅಜ್ಜನೂ ಮೊದಲ ಸಲ 4 ಗಂಟೆಗೆ, ಎರಡನೇ ಸಲ 9:20ಕ್ಕೆ.

ಪಿಕ್ಸೆಲ್‌ಭಟ್ಟ: ಸಿಕ್ತಲ್ಲ ಕಳ್ಳ! ಕೋರಾಯ್ಡ್ ಅಂದರೆ ರಕ್ತ ಹೀರಿದ ಸ್ಪಂಜು. ಬೆಳಿಗ್ಗೆ ಉಬ್ಬಿರುತ್ತದೆ, ಸಂಜೆಗೆ ಇಳಿಯುತ್ತದೆ. 2012ರ ಒಂದು ಅಧ್ಯಯನದಲ್ಲಿ ಆರೋಗ್ಯವಂತರ ಕಣ್ಣಲ್ಲೇ ಒಂದೇ ದಿನದೊಳಗೆ ಸರಾಸರಿ 33 ಮೈಕ್ರಾನಿನಷ್ಟು ಏರಿಳಿತ ಕಂಡಿತ್ತು. ನಿಮ್ಮ ವ್ಯತ್ಯಾಸ ಅದರೊಳಗೇ ಮುಳುಗಿಹೋಗುತ್ತೆ ಅಲ್ವಾ?

ಎರಡೂ ಗುಂಪನ್ನು ದಿನದ ಅದೇ ಎರಡು ಗಂಟೆಯ ಅವಧಿಯೊಳಗೆ ಸ್ಕ್ಯಾನ್ ಮಾಡಿ. ಅದಕ್ಕೆ ಮುಂಚೆ ಕಾಫಿ ಬೇಡ, ಕೆಫೀನ್ ಕೋರಾಯ್ಡನ್ನು ತೆಳು ಮಾಡುತ್ತದೆ. ಬೆಳಿಗ್ಗೆ ಕಾಫಿ ಬಿಡಿಸೋದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಮತ್ತೆ ಬಂದವರಿಗೆ ಫಾಲೋ-ಅಪ್ ಮೋಡ್ ಹಾಕಿ, ಸ್ಕ್ಯಾನ್ ಅದೇ ಜಾಗದಲ್ಲಿ ಬೀಳುತ್ತದೆ. ಆಕ್ಸಿಯಲ್ ಲೆಂತ್ (ಕಣ್ಣುಗುಡ್ಡೆಯ ಮುಂದಿನಿಂದ ಹಿಂದಿನವರೆಗಿನ ಉದ್ದ) ಬರೆದಿಟ್ಟಿದ್ದೀರಾ? ಗ್ಲಾಕೋಮಾದವರಲ್ಲಿ ಮೈನಸ್ ಕನ್ನಡಕ ಜಾಸ್ತಿ, ಉದ್ದ ಕಣ್ಣಿನಲ್ಲಿ ಕೋರಾಯ್ಡ್ ಹೇಗೂ ತೆಳು. ವಯಸ್ಸಿಗೂ ತೆಳುವಾಗುತ್ತದೆ. ಟ್ರಾಬೆಕ್ಯುಲೆಕ್ಟಮಿ (ಕಣ್ಣಿನ ಪ್ರೆಶರ್ ಇಳಿಸುವ ಆಪರೇಷನ್) ಆದವರನ್ನು ಬೇರೆ ಇಡಿ. ಪ್ರೆಶರ್ ಇಳಿದ ಮೇಲೆ ಕೋರಾಯ್ಡ್ ದಪ್ಪವಾಗುತ್ತದೆ.

ಕಣ್ಣಾಮುಚ್ಚಾಲೆ: ಭಟ್ಟರ ಮಾತಿಗೆ ಒಂದು ಸೇರಿಸ್ತೇನೆ. ಫೋವಿಯಾ ಕೆಳಗಿನ ದಪ್ಪದ ಬಗ್ಗೆ ಹಳೆಯ ಪೇಪರ್‌ಗಳೇ ಒಂದಕ್ಕೊಂದು ಜಗಳವಾಡುತ್ತವೆ, ಎಷ್ಟೋ ಕಡೆ ವ್ಯತ್ಯಾಸವೇ ಸಿಕ್ಕಿಲ್ಲ. ಓಸಿಟಿ-ಎ (ರಕ್ತನಾಳಗಳನ್ನು ತೋರಿಸುವ ಓಸಿಟಿ) ಇದ್ದರೆ ಕಣ್ಣಿನ ನರದ ತಲೆಯ ಸುತ್ತ ಕೋರಾಯ್ಡಿನ ಸಣ್ಣ ರಕ್ತನಾಳಗಳು ಎಲ್ಲಿ ಮಾಯವಾಗಿವೆ ಅಂತ ನೋಡಿ. ಗ್ಲಾಕೋಮಾದಲ್ಲಿ ನರದ ಎಳೆ ಸವೆದ ದಿಕ್ಕಿಗೆ ಅದು ಚೆನ್ನಾಗಿ ಹೊಂದುತ್ತದೆ.

ಓಸಿಟಿ_ಹುಡುಗಿ: ಹಳೆಯ ರೋಗಿಗಳಿಗೆ ಫೋನ್ ಮಾಡಿ ಬೆಳಿಗ್ಗೆ ಬರಲು ಹೇಳುತ್ತಿದ್ದೇನೆ. ಫೀಲ್ಡ್ ಟೆಸ್ಟ್ ಮಾಡುವ ಅಕ್ಕ ಮೊದಲ ಮೂವರನ್ನು ನನಗೆ ಬಿಟ್ಟುಕೊಡಲು ಒಪ್ಪಿದ್ದಾರೆ, ಅವರ ರಿಜಿಸ್ಟರ್ ನಾನು ಬರೆದುಕೊಡಬೇಕಂತೆ. ಗೈಡ್‌ಗೆ ಇನ್ನೂ ಹೇಳಿಲ್ಲ.